ನಲವತ್ತೇಳು ತಲುಪಿತು

ಬಸ್ ಡಿಪೋದ ಮೊದಲ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ, ಒಂದು ಉದ್ದನೆಯ ಮೇಜಿದೆ. ಅದರ ಹಿಂದೆ ಕೂತ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಎಲ್ಲರಿಗೂ ಅವಳು ಐದು ನಿಮಿಷದ ಅಕ್ಕ.

ಮೂವತ್ತೆಂಟು ಬಸ್ಸು, ನೂರೈವತ್ತನಾಲ್ಕು ಮಂದಿ ಡ್ರೈವರು ಕಂಡಕ್ಟರುಗಳು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಅದರಲ್ಲಿ ಯಾರು ಹೋಗಬೇಕು, ಎಲ್ಲಿ ಇಳಿದು ಉಣ್ಣಬೇಕು, ಯಾರಿಗೆ ಯಾವತ್ತು ವಾರದ ರಜೆ, ಇಷ್ಟನ್ನೂ ಒಂದಕ್ಕೊಂದು ಹೊಂದಿಸಿ ಚಾರ್ಟು ಬರೆಯುವುದು ಅವಳ ಕೆಲಸ. ಯಾರಾದರೂ ಬಂದು, "ಅಕ್ಕ, ನಾಳೆ ಮಗಳ ಸ್ಕೂಲಿಗೆ ಹೋಗ್ಬೇಕು, ಒಂಚೂರು ಬೇಗ ಬಿಟ್ಬಿಡಿ" ಎಂದರೆ ಮೊದಲು ಸಿಡುಕುತ್ತಾಳೆ. "ಐದು ನಿಮಿಷ ಎಲ್ಲಿಂದ ತರ್ಲಿ? ಮರದಲ್ಲಿ ಬಿಡುತ್ತಾ?" ಎನ್ನುತ್ತಾಳೆ. ಬಂದವನು ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಇಳಿಯುವಷ್ಟರಲ್ಲಿ ಮೇಲಿನಿಂದ ಕೂಗು ಕೇಳುತ್ತದೆ: "ಏಯ್, ಬಾ ಇಲ್ಲಿ. ಸಿಕ್ತು." ಯಾವುದೋ ಬಸ್ಸು ಎಲ್ಲೋ ಸುಮ್ಮನೆ ನಿಂತಿದ್ದ ಐದು ನಿಮಿಷವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿರುತ್ತಾಳೆ.

ಈಗ ನಾಲ್ಕು ವರ್ಷದಿಂದ ದಿನದ ಚಾರ್ಟು ಬರೆಯುವುದು ಕಂಪ್ಯೂಟರು. ಅದು ಬಂದಾಗ ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಅದು ಅವಳ ಕಣ್ಣು ತಪ್ಪಿದ್ದ ಒಂದು ಇಡೀ ಬಸ್ಸನ್ನು ಉಳಿಸಿ ತೋರಿಸಿದಾಗ ಸೋತು ಸುಣ್ಣವಾಗಿ ಅದರ ಪರದೆಯನ್ನು ತನ್ನ ಕೈವಸ್ತ್ರದಿಂದ ಒರೆಸಿದಳು. ಆದರೂ ಏನಾದರೂ ವಿಶೇಷ ಬಂದರೆ ಅವಳು ಹಳೆಯ ಕಾಗದದ ಪಟ್ಟಿಗಳನ್ನೇ ಹೊರತೆಗೆಯುವುದು. ಒಂದು ಬಸ್ಸಿಗೆ ಒಂದು ಪಟ್ಟಿ. ಒಂದು ಸೆಂಟಿಮೀಟರ್ ಅಂದರೆ ಐದು ನಿಮಿಷ. ಹದಿನೆಂಟು ಗಂಟೆಯ ದಿನ ಎರಡು ಮೀಟರಿಗೂ ಸ್ವಲ್ಪ ಉದ್ದ ಬರುತ್ತದೆ, ಆ ಮೇಜು ಅಷ್ಟು ಉದ್ದವಿರುವುದು ಅದಕ್ಕೇ. ಬಸ್ಸು ಓಡುವ ಹೊತ್ತಿಗೆ ನೀಲಿ ಪೆನ್ಸಿಲಿನ ಗೆರೆ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತು ಉಸಿರಾಡುವ ಹೊತ್ತು ಖಾಲಿ, ಬಿಳಿ.

ಇಷ್ಟು ಜನಕ್ಕೆ ಇಷ್ಟೆಲ್ಲ ಮಾಡುವ ಅಕ್ಕ ಒಬ್ಬನಿಗೆ ಮಾತ್ರ ಏನೂ ಮಾಡುತ್ತಿರಲಿಲ್ಲ. ಅವನು ಡ್ರೈವರ್ ನಂಬರ್ ನಲವತ್ತೇಳು. ಅವಳ ಗಂಡ.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಈ ಮೇಜಿಗೆ ಬಂದ ಮೊದಲ ದಿನವೇ ಕೆಳಗೆ ಟೀ ಅಂಗಡಿಯಲ್ಲಿ ಯಾರೋ, "ಇನ್ನೇನಪ್ಪ, ನಲವತ್ತೇಳಕ್ಕೆ ಒಳ್ಳೊಳ್ಳೆ ಡ್ಯೂಟಿ" ಎಂದದ್ದು ಅವಳ ಕಿವಿಗೆ ಬಿತ್ತು. ಅವತ್ತೇ ಅವಳು ಗಂಡನಿಗೆ ಕಲ್ಲುಗಣಿಯ ನಾಲ್ಕು ಹತ್ತರ ಟ್ರಿಪ್ಪು ಬರೆದಳು. ಡಿಪೋದಲ್ಲಿ ಯಾರಿಗೂ ಬೇಡದ ಟ್ರಿಪ್ಪು ಅದು. ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಹತ್ತುವುದು ಹನ್ನೆರಡು ಜನ, ರಸ್ತೆ ಗುಂಡಿ, ವಾಪಸ್ಸು ಬಂದು ಬಸ್ಸು ಒಪ್ಪಿಸುವ ಹೊತ್ತಿಗೆ ಏಳು ದಾಟಿ ಸಂಜೆಯೇ ಕೈತಪ್ಪಿರುತ್ತಿತ್ತು. ಆಮೇಲೆ ಅದು ಅಭ್ಯಾಸವೇ ಆಯಿತು. ಚಾರ್ಟಿನಲ್ಲಿ ಎಲ್ಲಾದರೂ ತೂತು ಬಿದ್ದು, ಯಾರನ್ನು ಕೇಳಿದರೂ ತಲೆ ಆಡಿಸದಿದ್ದರೆ, ಅವಳ ಕೈ ತಾನಾಗಿಯೇ ಅಲ್ಲಿ 47 ಎಂದು ಬರೆದು ಮುಂದೆ ಹೋಗುತ್ತಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಡಿಪೋದವರು ನಗುತ್ತಿದ್ದರು. ಅವಳ ಮಗಳಂತೂ, "ನಾನು ಅಪ್ಪ ಅಮ್ಮನ್ನ ಒಟ್ಟಿಗೆ ನೋಡಿರೋದು ಫೋಟೋದಲ್ಲೇ ಜಾಸ್ತಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಲವತ್ತೇಳು ಮಾತ್ರ ಒಂದು ದಿನವೂ ಚಕಾರ ಎತ್ತಲಿಲ್ಲ. ಯಾರಾದರೂ ಕೆಣಕಿದರೆ, "ಮನೇಲಿ ಜಗಳಕ್ಕೆ ಬೇಕಾದಷ್ಟು ವಿಷಯ ಇದೆ, ಡಿಪೋದಿಂದ ಬೇರೆ ಹೊತ್ಕೊಂಡು ಹೋಗ್ಲಾ?" ಎನ್ನುತ್ತಿದ್ದ.

ಅವನು ತಪ್ಪದೆ ಮಾಡುತ್ತಿದ್ದದ್ದು ಒಂದೇ. ಸಂಜೆ ಐದೂಕಾಲಿಗೆ ಕಲ್ಲುಗಣಿ ನಿಲ್ದಾಣದ ಕ್ಯಾಬಿನ್ನಿನಿಂದ ಚಾರ್ಟು ರೂಮಿಗೆ ಫೋನು. "ನಲವತ್ತೇಳು ತಲುಪಿತು." ಅಕ್ಕ, "ಸರಿ" ಎಂದು ಇಟ್ಟುಬಿಡುತ್ತಿದ್ದಳು. ಗುಂಡಿ ರಸ್ತೆ, ಆದ್ದರಿಂದ ತಲುಪಿದ ಮೇಲೆ ತಿಳಿಸಬೇಕೆಂದು ರೂಲಿದೆ ಎಂದು ಅವನೇ ಹೇಳಿದ್ದ. ಅವನ ವಾರದ ರಜೆಯ ದಿನ ಬೇರೆ ಡ್ರೈವರು ಹೋದರೆ ಫೋನು ಬರುತ್ತಿರಲಿಲ್ಲ. ಮರುದಿನ ಅಕ್ಕ ಆ ಡ್ರೈವರನ್ನು ಕರೆದು, "ರೂಲ್ ಅಂದ್ರೆ ರೂಲ್, ಯಾಕೆ ಫೋನ್ ಮಾಡ್ಲಿಲ್ಲ?" ಎಂದು ಗದರಿದರೆ, ಅವನು ಪಕ್ಕದವನ ಮುಖ ನೋಡಿ, ನಗು ಒಳಗೇ ನುಂಗಿಕೊಂಡು, "ಮರೆತ್ಬಿಟ್ಟೆ ಅಕ್ಕ" ಎನ್ನುತ್ತಿದ್ದ. ಈಗಿನವರಿಗೆ ಶಿಸ್ತಿಲ್ಲ ಎಂದು ಅಕ್ಕ ಗೊಣಗುತ್ತಿದ್ದಳು.

ಅವನ ನಿವೃತ್ತಿಗೆ ಒಂದು ತಿಂಗಳಿತ್ತು. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಅಕ್ಕ ತರಕಾರಿ ಹೆಚ್ಚುತ್ತ ಕೇಳಿದಳು.

"ರೀ, ಸೆಂಡಾಫಿಗೆ ಏನು ಬೇಕು ಹೇಳಿ. ವಾಚು ಕೊಡ್ತಾರಂತೆ."

"ವಾಚು ಯಾಕೆ? ಮನೇಲಿ ನೀನೇ ಇದೀಯಲ್ಲ."

"ತಮಾಷೆ ಬೇಡ, ಹೇಳಿ."

ಅವನು ಲೋಟ ತೊಳೆದು ಬೋರಲು ಹಾಕಿದ. "ಮೂವತ್ತಾರು ವರ್ಷ ಆಯ್ತು ಕಣೆ. ನಮ್ಮೋರನ್ನ ಎಲ್ಲಾರ್ನೂ ಒಂದೇ ಸಲಕ್ಕೆ ನೋಡಿಲ್ಲ ನಾನು. ಬೆಳಗಿನ ಪಾಳಿಯವರು ವಾಪಸ್ ಬಂದಾಗ ನಾನು ಹೋಗಿರ್ತೀನಿ, ನಾನು ಬರೋ ಹೊತ್ಗೆ ಅವ್ರು ಮಲ್ಗಿರ್ತಾರೆ. ಕೆಲವ್ರ ಕೈ ಮಾತ್ರ ಗೊತ್ತು ನಂಗೆ. ಎದುರಿಂದ ಬಸ್ಸಲ್ಲಿ ಬಂದು ಕೈ ಎತ್ತಿ ಹೋಗ್ತಾರಲ್ಲ, ಅಷ್ಟೆ. ಎಲ್ಲಾರ್ದೂ ಮುಖ ನೋಡಿ ಹೊರಡ್ಬೇಕು ಅಂತ ಆಸೆ." ಆಮೇಲೆ ಅವನೇ ನಕ್ಕ. "ಆಗಲ್ಲ ಬಿಡು. ಬಸ್ ನಿಲ್ಸೋಕಾಗುತ್ತಾ?"

ಆಗುವುದಿಲ್ಲ ನಿಜ. ಡಿಪೋದಲ್ಲಿ ಇದುವರೆಗೆ ನಡೆದ ಬೀಳ್ಕೊಡುಗೆಗಳೆಲ್ಲ ಹಾಗೇ. ಅವತ್ತು ಯಾರಿಗೆ ರಜೆಯೋ ಆ ಇಪ್ಪತ್ತೋ ಇಪ್ಪತ್ತೆರಡೋ ಜನ ಕೂತು ಚಪ್ಪಾಳೆ ತಟ್ಟುವುದು. ಮಿಕ್ಕವರು ರಸ್ತೆಯ ಮೇಲೆ. ಆದರೆ ಅಕ್ಕನ ಚಾಕು ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಅವಳ ಹತ್ತಿರ ಏನಾದರೂ ಕೇಳಿದ್ದು ಇದೇ ಮೊದಲು, ಅದನ್ನೂ ಕೇಳಿ ಅರ್ಧದಲ್ಲೇ ಬಿಟ್ಟುಕೊಟ್ಟ. ಅವಳಿಗೆ ಸ್ವಲ್ಪ ಸಿಟ್ಟು ಬಂತು, ಅವನ ಮೇಲಲ್ಲ.

"ಮಾಡ್ತೀನಿ" ಎಂದಳು.

ಡಿಪೋ ಮ್ಯಾನೇಜರ್ ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲು. ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ನೂರೈವತ್ತು ಜನ ಒಂದೇ ಮಧ್ಯಾಹ್ನ ಊಟಕ್ಕೆ ಬಂದ್ರೆ ಬಸ್ ಯಾರಮ್ಮ ಓಡಿಸ್ತಾರೆ?"

"ಅವ್ರೇ ಓಡಿಸ್ತಾರೆ ಸರ್."

"ಒಂದು ಟ್ರಿಪ್ ತಪ್ಪಿದ್ರೂ..."

"ಒಂದು ಟ್ರಿಪ್ ತಪ್ಪಿದ್ರೂ ಆ ಮೇಜು ಬಿಟ್ಟು ಇಳೀತೀನಿ ಸರ್. ಬೇರೆಯವ್ರನ್ನ ಕೂರ್ಸಿ."

ಆಡಿದ ಮಾತು, ಒಡೆದ ಮುತ್ತು. ಇನ್ನು ಮಾಡಿ ತೋರಿಸದೆ ದಾರಿಯಿರಲಿಲ್ಲ.

ಆ ವಾರವೆಲ್ಲ ಮನೆಯ ನೆಲದ ತುಂಬ ಕಾಗದದ ಪಟ್ಟಿಗಳು. ನಲವತ್ತೇಳು ತುದಿಗಾಲಲ್ಲಿ ದಾಟಿಕೊಂಡು ಸ್ನಾನಕ್ಕೆ ಹೋಗಬೇಕಾಯಿತು. ಉಪಾಯ ಕೇಳಿದರೆ ಸುಲಭ. ಒಂದೇ ಬಚ್ಚಲಿರುವ ಮನೆಯಲ್ಲಿ ಹತ್ತು ಜನ ನೆಂಟರು ಬಂದರೆ ಏನು ಮಾಡುತ್ತಾರೆ? ಒಬ್ಬರು ಹೊರಬಂದ ಕೂಡಲೇ ಇನ್ನೊಬ್ಬರು ಒಳಗೆ. ದಿನವೂ ಪಾಳಿ ಬದಲಾಗುವುದು ಊರ ನಡುವಿನ ಬಸ್ ನಿಲ್ದಾಣದಲ್ಲಿ. ಅವತ್ತೊಂದು ದಿನ ಅದನ್ನು ಡಿಪೋ ಗೇಟಿಗೆ ತಂದಳು. ಬಸ್ಸು ಗೇಟಿನ ಮುಂದೆ ನಿಲ್ಲಬೇಕು, ಇಬ್ಬರು ಇಳಿದು ಒಳಗೆ ಊಟಕ್ಕೆ, ಉಂಡ ಇಬ್ಬರು ಕೈ ಒರೆಸಿಕೊಂಡು ಹತ್ತಿ ಹೊರಟುಬಿಡಬೇಕು. ಮಧ್ಯಾಹ್ನ ಒಂದರಿಂದ ನಾಲ್ಕೂವರೆಯವರೆಗೆ ಹೇಗೂ ಜನ ಕಡಿಮೆ, ಅರ್ಧ ಬಸ್ಸು ನಿಂತೇ ಇರುತ್ತವೆ.

ಕೇಳಿದರೆ ಸುಲಭ, ಮಾಡಿದರೆ ಗೊತ್ತು. ಆರು ಬಸ್ಸುಗಳು ಗೇಟಿನ ಕಡೆ ಸುಳಿಯುವುದೇ ಇಲ್ಲ. ಮೂರು ಜನಕ್ಕೆ ಸಕ್ಕರೆ ಕಾಯಿಲೆ, ಎರಡು ಗಂಟೆ ದಾಟಿ ಉಣ್ಣುವಂತಿಲ್ಲ. ಒಬ್ಬ ಡ್ರೈವರಿಗೂ ಒಬ್ಬ ಕಂಡಕ್ಟರಿಗೂ ಮಾತಿಲ್ಲ, ಅವರನ್ನು ಒಂದೇ ಬಸ್ಸಿಗೆ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ಅಕ್ಕ ಪಟ್ಟಿ ಕತ್ತರಿಸಿದಳು, ಅಂಟಿಸಿದಳು, ಮತ್ತೆ ಕತ್ತರಿಸಿದಳು. ಐದು ಐದು ನಿಮಿಷ ಹೆಕ್ಕಿ ಆರು ಬಸ್ಸುಗಳಿಗೂ ದಾರಿ ಮಾಡಿದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೊನೆಗೆ ಒಂದೇ ಒಂದು ತೂತು ಉಳಿದಿತ್ತು. ಕಣ್ಣು ಉರಿಯುತ್ತಿತ್ತು. ಅದನ್ನೂ ತುಂಬಿ ಪೆನ್ಸಿಲ್ ಕೆಳಗಿಟ್ಟು, ನೆಲದ ಮೇಲೇ ಅಂಗಾತ ಮಲಗಿ ಜೋರಾಗಿ ನಕ್ಕಳು. ನಲವತ್ತೇಳು ಬಾಗಿಲಿಂದ ಇಣುಕಿ, "ಹುಷಾರಾಗಿದೀಯ ತಾನೇ?" ಎಂದು ಕೇಳಿದ.

ಮಾರನೆಯ ದಿನ ಚಾರ್ಟು ನೋಟಿಸ್ ಬೋರ್ಡಿಗೆ ಬಿತ್ತು. ನೂರೈವತ್ತನಾಲ್ಕು ಜನವೂ ಬಂದು ತಂತಮ್ಮ ನಂಬರು ನೋಡಿಕೊಂಡು ಹೋದರು.

ಬೀಳ್ಕೊಡುಗೆಯ ದಿನ ವರ್ಕ್‌ಶಾಪಿನ ಶೆಡ್ಡು ಗುರುತೇ ಸಿಗದಂತಾಗಿತ್ತು. ಮೆಕ್ಯಾನಿಕ್ಕುಗಳು ನೆಲದ ಎಣ್ಣೆಯನ್ನು ಮೂರು ಸಲ ಉಜ್ಜಿ ತೊಳೆದಿದ್ದರು. ಸ್ಪ್ಯಾನರುಗಳಿರುತ್ತಿದ್ದ ಬೆಂಚಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಊಟ. ನಲವತ್ತೇಳು ಮಗಳು ಕೊಡಿಸಿದ ಹೊಸ ಅಂಗಿ ತೊಟ್ಟು ನಡುವಿನ ಕುರ್ಚಿಯಲ್ಲಿ ಕೂತಿದ್ದ. ಕಾಲ ಬಳಿ ಅವನ ಹಳೆಯ ಡ್ಯೂಟಿ ಬ್ಯಾಗು. ಇವತ್ತೂ ಇದನ್ನು ಯಾಕೆ ತಂದ ಎಂದು ಅಕ್ಕನಿಗೆ ಅನಿಸಿತು, ಆದರೆ ಕೇಳಲು ಪುರುಸೊತ್ತಿರಲಿಲ್ಲ. ಅವಳು ಗೇಟಿನಲ್ಲಿ ನಿಂತಿದ್ದಳು.

ಒಂದು ಗಂಟೆ ಎರಡು ನಿಮಿಷಕ್ಕೆ ಮೊದಲ ಬಸ್ಸು ಬಂದು ನಿಂತಿತು. ಇಬ್ಬರು ಇಳಿದರು, ಇಬ್ಬರು ಹತ್ತಿದರು. ಒಳಗಿದ್ದ ಒಬ್ಬ ಅಜ್ಜಿ, "ಏನ್ರಪ್ಪ, ಡ್ರೈವರ್‌ಗೆ ಏನಾಯ್ತು?" ಎಂದು ಗಾಬರಿಯಾದರು. "ಊಟಕ್ಕೆ ಹೋದ್ರಜ್ಜಿ. ನಾನು ಉಂಡು ಬಂದೆ" ಎಂದ ಹೊಸ ಡ್ರೈವರು. ಆಮೇಲೆ ಒಂದರ ಹಿಂದೆ ಒಂದು. ಬರುವ ಬಸ್ಸು ಹಸಿದವರನ್ನು ಇಳಿಸುತ್ತಿತ್ತು, ಹೋಗುವ ಬಸ್ಸು ಉಂಡವರನ್ನು ಒಯ್ಯುತ್ತಿತ್ತು. ಶೆಡ್ಡಿನೊಳಗೆ ನಗುವಿನ ಮೇಲೆ ನಗು. ಹದಿನೈದು ವರ್ಷ ಒಂದೇ ಬಸ್ಸನ್ನು ಬೆಳಗ್ಗೆ ಒಬ್ಬ ಓಡಿಸಿ ನಿಲ್ಲಿಸಿ ಹೋದ ಮೇಲೆ ಸಂಜೆ ಇನ್ನೊಬ್ಬ ಬಂದು ಓಡಿಸಿದ ಇಬ್ಬರು ಡ್ರೈವರುಗಳು ಅವತ್ತೇ ಮೊದಲ ಸಲ ಮುಖಾಮುಖಿಯಾಗಿ, "ಸೀಟನ್ನ ಅಷ್ಟು ಹಿಂದಕ್ಕೆ ತಳ್ಳೋದು ನೀನೇನಾ?" ಎಂದು ಅಪ್ಪಿಕೊಂಡರು. ನಲವತ್ತೇಳು ಒಬ್ಬೊಬ್ಬರ ಮುಖವನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದ. ಮ್ಯಾನೇಜರು ಮೂರನೆಯ ಸಲ ಸಿಹಿ ಹಾಕಿಸಿಕೊಂಡರು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅಕ್ಕ ಇನ್ನೇನು ಉಸಿರು ಬಿಟ್ಟು ಒಂದು ತಟ್ಟೆ ಕೈಗೆತ್ತಿಕೊಂಡಿದ್ದಳು, ಆಗ ಸೀಟಿ ಬಂದಳು. ಸೀಟಿ ಅಂದರೆ ಡಿಪೋದ ಮಹಿಳಾ ಕಂಡಕ್ಟರು. ಎರಡು ಬೆರಳು ಬಾಯಿಗಿಟ್ಟು ಅವಳು ಊದಿದರೆ ಮೂರನೆಯ ಬೀದಿಯ ಬಸ್ಸೂ ನಿಲ್ಲುತ್ತದೆ.

"ಅಕ್ಕ, ನಾಲ್ಕು ಹತ್ತು ಕಲ್ಲುಗಣಿ ನಂದು. ಡ್ರೈವರ್ ಎಲ್ಲಿ?"

"ಯಾರಿದಾರೆ ನೋಡ್ಕೊ, ಚಾರ್ಟಲ್ಲಿ ಬರೆದಿದೀನಲ್ಲ."

ಸೀಟಿ ಬೋರ್ಡಿನ ಕಡೆ ಓಡಿದಳು. ವಾಪಸ್ಸು ಬಂದದ್ದು ಮಾತ್ರ ನಿಧಾನವಾಗಿ. "ಅಕ್ಕ... ನಲವತ್ತೇಳು ಅಂತಿದೆ."

ಅಕ್ಕನ ಕೈಯ ತಟ್ಟೆ ವಾಲಿತು. ನಿವೃತ್ತಿಯ ದಿನ ಯಾರಿಗೂ ಸ್ಟೀರಿಂಗ್ ಕೊಡುವುದಿಲ್ಲ ಎಂಬುದು ಡಿಪೋ ಶುರುವಾದಾಗಿನಿಂದ ನಡೆದುಬಂದದ್ದು. ಭಾನುವಾರ ಉಳಿದಿದ್ದ ಆ ಕೊನೆಯ ತೂತು! ಕೈ ತನ್ನ ಹಳೆಯ ಬುದ್ಧಿ ಬಿಟ್ಟಿರಲಿಲ್ಲ. ಯಾರ ಸಲುವಾಗಿ ಇಷ್ಟೆಲ್ಲ ಹೊಂದಿಸಿದಳೋ ಅವನನ್ನೇ ತನ್ನ ಸಮಾರಂಭದಿಂದ ಎಬ್ಬಿಸಿ ಕಲ್ಲುಗಣಿಗೆ ಕಳಿಸಿದ್ದಳು. ಕಂಪ್ಯೂಟರಿಗೆ ಹಾಕಿದ್ದರೆ ಅದು ಅಲ್ಲೇ ಕೆಂಪು ತೋರಿಸುತ್ತಿತ್ತು. ಅವಳು ಹಾಕಿರಲಿಲ್ಲ, ಜಂಬ. ಈಗ ಬೇರೆ ಡ್ರೈವರೆಂದರೆ, ಅಲ್ಲಿದ್ದವರಲ್ಲಿ ಅರ್ಧ ಜನ ಇನ್ನೊಂದು ಬಸ್ಸಿಗೆ ಹೊರಟವರು, ಇನ್ನರ್ಧ ದಿನದ ಗಂಟೆ ಮುಗಿಸಿದವರು ಇಲ್ಲವೇ ವಾರದ ರಜೆಯವರು. ಅವರನ್ನು ಹತ್ತಿಸಿದರೆ ಕಾನೂನು ಒಪ್ಪುವುದಿಲ್ಲ. ಟ್ರಿಪ್ಪು ತಪ್ಪಿದರೆ ಅವಳ ಮಾತು ಹೋಯಿತು, ಮೇಜು ಹೋಯಿತು.

ಅವಳು ಶೆಡ್ಡಿಗೆ ಹೋಗಿ ಗಂಡನ ಮುಂದೆ ನಿಂತಳು. ನೂರಕ್ಕೆ ಹತ್ತು ಕಡಿಮೆ ಜನ ನೋಡುತ್ತಿದ್ದರು.

"ರೀ... ತಪ್ಪಾಗೋಯ್ತು. ನಾಲ್ಕು ಹತ್ತಕ್ಕೆ..."

ಅವನು ಬಗ್ಗಿ ಬ್ಯಾಗಿನ ಜಿಪ್ಪು ಎಳೆದ. ಒಳಗೆ ಇಸ್ತ್ರಿ ಮಾಡಿ ಮಡಿಸಿದ ಯೂನಿಫಾರ್ಮು.

"ಗೊತ್ತಿತ್ತಾ?" ಎಂದಳು ಅಕ್ಕ.

"ಸೋಮವಾರವೇ ನೋಡ್ದೆ. ನಾನು ಚಾರ್ಟು ಪೂರ್ತಿ ಓದ್ತೀನಿ ಕಣೆ, ನಿನ್ನ ಅಕ್ಷರ ಅಲ್ವಾ."

"ನೋಡಿ ಯಾಕ್ರೀ ಸುಮ್ನಿದ್ರಿ!"

"ಹೇಳಿದ್ರೆ ನೀನು ತೆಗೆದ್ಬಿಡ್ತಿದ್ದೆ. ಕುರ್ಚಿ ಮೇಲೆ ಕೂತು ರಿಟೈರ್ ಆಗೋದು ಯಾವನಿಗೆ ಬೇಕು?"

ಶೆಡ್ಡೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅಕ್ಕ ನಗುತ್ತ ಅತ್ತಳೋ ಅಳುತ್ತ ನಕ್ಕಳೋ, ಸೀಟಿ ಅವಳ ಕೈಯಿಂದ ತಟ್ಟೆ ಈಸಿಕೊಂಡಳು. ಕಾನೂನಿನಲ್ಲಿ ಅವತ್ತಿನ ದಿನ ಮುಗಿಯುವವರೆಗೂ ನಲವತ್ತೇಳು ಡ್ರೈವರೇ. ಮ್ಯಾನೇಜರು ಕೂಡ ಬಾಯಲ್ಲಿದ್ದ ಸಿಹಿ ನುಂಗಿ, "ಹೊರಡಿ ಹೊರಡಿ, ಲೇಟಾಗುತ್ತೆ" ಎಂದರು.

ದಿನದ ಕೆಲಸ ಮುಗಿದಿದ್ದ ಇಪ್ಪತ್ತು ಇಪ್ಪತ್ತೈದು ಮಂದಿ ಬಸ್ಸಿಗೆ ಹತ್ತಿದರು. "ಒಬ್ರೂ ಕೂರಂಗಿಲ್ಲ, ಸೀಟು ಜನಕ್ಕೆ" ಎಂದು ಸೀಟಿ ಎಲ್ಲರನ್ನೂ ನಿಲ್ಲಿಸಿದಳು. "ಅಕ್ಕ, ನೀವೂ ಬನ್ನಿ" ಎಂದು ಕೈ ಹಿಡಿದು ಎಳೆದಳು. ಅಕ್ಕ ಗಂಡನ ಬಸ್ಸಿನಲ್ಲಿ ಅವನು ಓಡಿಸುವಾಗ ಒಂದು ದಿನವೂ ಕೂತಿರಲಿಲ್ಲ. ಇಬ್ಬರ ಹೊತ್ತು ಹೊಂದದ ಹಾಗೆ ಬರೆದವಳು ಅವಳೇ. ಚಾರ್ಟು ರೂಮಿಗೆ ಬೀಗ ಹಾಕಿ ಬಂದು, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಅವಳೊಬ್ಬಳಿಗೆ ಕೂರಲು ಸೀಟಿ ಬಿಟ್ಟಳು. ನಾಲ್ಕು ಹತ್ತಕ್ಕೆ ಸರಿಯಾಗಿ ಬಸ್ಸು ಗೇಟು ದಾಟಿತು.

ಆಗ ಯಾರೂ ಯೋಚಿಸಿರದದ್ದೊಂದು ನಡೆಯಿತು. ಸುದ್ದಿ ಬಸ್ಸಿಗಿಂತ ಮುಂದೆ ಓಡಿತ್ತು. ಎದುರಿನಿಂದ ಬಂದ ಒಂದೊಂದು ಬಸ್ಸೂ ವೇಗ ತಗ್ಗಿಸಿತು, ದೀಪ ಮಿನುಗಿಸಿತು, ಕಿಟಕಿಯಿಂದ ಕೈಯಷ್ಟೇ ಅಲ್ಲ, ತಲೆಯೂ ಹೊರಬಂತು. ಬೇಗ ಉಂಡು ಹೋದವರು, ಅವಸರದಲ್ಲಿ ಮಾತಾಡಲಾಗದೆ ಹೋದವರು, ಎಲ್ಲರೂ. ಶೆಡ್ಡಿನಲ್ಲಿ ಮಾತಿಗೆ ಸಿಗದವರು ರಸ್ತೆಯಲ್ಲಿ ಸಿಕ್ಕರು. ಬೆನ್ನ ಹಿಂದೆ ಇಪ್ಪತ್ತೈದು ಜನ, ಕಣ್ಣ ಮುಂದೆ ಮಿಕ್ಕವರು. ನಲವತ್ತೇಳು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ಹುಬ್ಬು ಹಾರಿಸಿದ. "ಬಂದ್ರಲ್ಲೇ ಎಲ್ಲಾರೂ!"

ಕಲ್ಲುಗಣಿಯ ಕೊನೆಯ ನಿಲ್ದಾಣ ಬಂತು. ಐದೂಕಾಲು. ಅಕ್ಕನ ಕಾಗದದಲ್ಲಿ ಇದು ಒಂದು ಬಿಳಿ ಸೆಂಟಿಮೀಟರು, ಅಷ್ಟೆ. ಇಲ್ಲಿ ನೋಡಿದರೆ ನೆರಳು ಕೊಡುವ ಮರ, ಒಂದು ನಲ್ಲಿ, ಒಡೆದ ಬೆಂಚು, ಹಳೆಯ ಗಣಿಯಲ್ಲಿ ನಿಂತ ನೀರಿನ ಮೇಲೆ ಸಂಜೆಯ ಬಿಸಿಲು. ಇಷ್ಟು ಚಂದದ ಜಾಗವನ್ನು ಶಿಕ್ಷೆ ಅಂದುಕೊಂಡು ಬರೆಯುತ್ತಿದ್ದೆನಲ್ಲ ಎಂದು ಅವಳಿಗೆ ನಗು ಬಂತು.

ನಲವತ್ತೇಳು ಇಳಿದವನೇ ಟೈರು ತಟ್ಟಿ ನೋಡಿ, ಬಾಗಿಲ ಪಕ್ಕದ ಇಟ್ಟಿಗೆ ಸರಿಸಿ ಕೀಲಿ ತೆಗೆದು ಕ್ಯಾಬಿನ್ನಿನೊಳಗೆ ಹೋದ. ಅಕ್ಕ ಹಿಂದೆ ಹೋದಾಗ ಅವನು ರಿಸೀವರ್ ಕಿವಿಗಿಟ್ಟುಕೊಂಡು ನಿಂತಿದ್ದ.

"ಯಾರಿಗ್ರೀ?"

"ಡಿಪೋಗೆ. ರಿಂಗ್ ಆಗ್ತಿದೆ, ಎತ್ತುತ್ತಿಲ್ಲ."

"ಎತ್ತೋಳು ಇಲ್ಲಿದೀನಲ್ರೀ! ರೂಮಿನ ಕೀಲಿ ನನ್ನತ್ರ ಇದೆ."

ಅವನು ತನ್ನ ಹಣೆ ತಾನೇ ಚಚ್ಚಿಕೊಂಡ. ಬಾಗಿಲಲ್ಲಿ ನಿಂತ ಸೀಟಿಗೆ ನಗು ತಡೆಯಲಾಗಲಿಲ್ಲ. "ಅಕ್ಕ, ರೂಲ್ ಬುಕ್ಕೆಲ್ಲ ನಿಮ್ಗೆ ಬಾಯಿಪಾಠ ಅಲ್ವಾ? ಕಲ್ಲುಗಣಿಯಿಂದ ಫೋನ್ ಮಾಡ್ಬೇಕು ಅನ್ನೋ ರೂಲ್ ಎಷ್ಟನೇ ಪುಟದಲ್ಲಿದೆ?"

ಅಕ್ಕ ಬಾಯಿ ತೆರೆದಳು. ಮನಸ್ಸಿನಲ್ಲೇ ಪುಟ ತಿರುಗಿಸಿದಳು. ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ತಿರುಗಿಸಿದಳು. ದೀಪದ ಬುಡದಲ್ಲೇ ಕತ್ತಲೆ ಇತ್ತು. ಇಡೀ ಡಿಪೋಗೆ ಗೊತ್ತಿದ್ದದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ.

"ರೀ... ಯಾಕೆ ಮತ್ತೆ?"

ಅವನು ರಿಸೀವರಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಡ್ಯೂಟಿಯಲ್ಲಿ ಮೊಬೈಲ್ ಇಟ್ಕೊಳೋ ಹಾಗಿಲ್ಲ. ದಿನಕ್ಕೊಂದ್ಸಲ ನಿನ್ನ ದನಿ ಕೇಳ್ಬೇಕು ಅನ್ಸೋದು. ಸುಮ್ಸುಮ್ನೆ ಮಾಡಿದ್ರೆ ಕೆಲ್ಸ ಇದೆ ಅಂತ ನೀನು ಬೈತಿದ್ದೆ. ರೂಲ್ ಅಂದ್ರೆ ಎತ್ತುತ್ತೀಯ."

ಇಪ್ಪತ್ತೆರಡು ವರ್ಷ. ಲೆಕ್ಕ ಹಾಕದೆ ಯಾವುದನ್ನೂ ಬಿಡದ ಅಕ್ಕ ಅದೆಷ್ಟು ಫೋನು ಆಯಿತೆಂದು ಎಣಿಸಲು ಹೋಗಲಿಲ್ಲ. ಅಷ್ಟಕ್ಕೂ ತಾನು ಕೊಟ್ಟದ್ದು ಒಂದೇ ಒಂದು ಮಾತು, ಸರಿ. ಇನ್ನೊಂದು ಮಾತು ಸೇರಿಸಿದ್ದರೆ ಯಾವ ಬಸ್ಸೂ ತಡವಾಗುತ್ತಿರಲಿಲ್ಲ. ಅವಳ ಕಣ್ಣು ತುಂಬಿತು, ಆದರೆ ಮುಖದ ತುಂಬ ನಗುವೇ ಇತ್ತು. ಅವನ ಕೈಯಲ್ಲಿದ್ದ ರಿಸೀವರನ್ನು ಮತ್ತೆ ಅವನ ಕಿವಿಗೆ ಒತ್ತಿ ಹಿಡಿದಳು.

"ಹೇಳಿ" ಎಂದಳು.

ಅವನು ಗಂಟಲು ಸರಿಮಾಡಿಕೊಂಡ. "ನಲವತ್ತೇಳು ತಲುಪಿತು."

"ಸರಿ" ಎಂದಳು ಅಕ್ಕ. ಆಮೇಲೆ ಇಡಲಿಲ್ಲ. "ಬೇಗ ಮನೆಗೆ ಬಂದ್ಬಿಡಿ."

ಹೊರಗೆ ಸೀಟಿ ಎರಡು ಬೆರಳು ಬಾಯಿಗಿಟ್ಟು ಊದಿದಳು. ಗೋಡೆ ಗಡಿಯಾರದಲ್ಲಿ ಐದು ಗಂಟೆ ಇಪ್ಪತ್ತಮೂರು ನಿಮಿಷ; ಬಸ್ಸು ಇಪ್ಪತ್ತಕ್ಕೆ ಹೊರಡಬೇಕಿತ್ತು. ಅಕ್ಕ ಅದನ್ನು ನೋಡಿದಳು, ನಿಧಾನವಾಗಿಯೇ ಬಸ್ಸಿನ ಕಡೆ ನಡೆದಳು.